ಸಕ್ಕರೆಯ ಹುಲಿ

ಇಂದು ಬೆಳಗ್ಗೆ ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗ, ಹುಣಸೂರು ರಸ್ತೆಯ ಒಂದು ಸಿಗ್ನಲ್ಲಿನಲ್ಲಿ ಹಸಿರು ದೀಪ ಹತ್ತಿದ ಕ್ಷಣದಲ್ಲಿಯೇ, ನನ್ನ ಎಡಗಾಲು ಕ್ಲಚ್ಚಿನಿಂದ ಕೂದಲೆಳೆಯಷ್ಟು ಬೇಗ ಮೇಲೆದ್ದುದರಿಂದ ಗಾಡಿ ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು. ಅದು ನಿಂತು ಎರಡು ಸೆಕೆಂಡುಗಳೂ ಕಳೆದಿರಲಿಲ್ಲ, ಹಿಂದಿದ್ದ ಕಾರಿನವರು ಹಾರನ್ನಿನ ಮೇಲೆ ಇಟ್ಟ ಕೈಯನ್ನು ನಾನು ಗಾಡಿಯನ್ನು ಮತ್ತೆ ಚಾಲೂ ಮಾಡಿ ಹೊರಡುವವರೆಗೆ ತೆಗೆಯಲೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ, ನನಗೆ ಕಾರು ಕಲಿಸುವ ಮೇಷ್ಟರು ಬಲು ಶಾಂತಸ್ವಭಾವದವರು. “ಹೊಡ್ಕೊಳ್ಲಿ ಬಿಡೀಮ್ಮಾ, ಅವರ ಹಾರನ್ನು ಅವರ ಬ್ಯಾಟರಿ. ನೀವು ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್ಲಿಗೆ ತಂದು, ಆಮೇಲೆ ಕೀ ತಿರುಗಿಸಿ” ಎಂದರು. ನಾನು ಹಾಗೆಯೇ ಮಾಡಿದೆ, ಗಾಡಿ ಹೊರಟಿತು. ಆದರೆ ಆ ಸದ್ದು ಮಾತ್ರ ಮನೆಯ ಬಾಗಿಲವರೆಗೂ ನನ್ನನ್ನು ಹಿಂಬಾಲಿಸಿಕೊಂಡು ಬಂದಿತು.

ಬಾಗಿಲು ತೆರೆಯುವಷ್ಟರಲ್ಲಿ ಫೋನು. ನಮ್ಮ ಬೀದಿಯ ಆ ತುದಿಯ ಮನೆಯ ಹುಡುಗಿ. ಅವಳ ಮಗನಿಗೆ ಭಾನುವಾರ ಆರು ವರ್ಷ ತುಂಬುತ್ತದೆ. ಅವನಿಗಾಗಿ ಪುಣ್ಯಕೋಟಿಯ ಕತೆಯ ಕೇಕು ಮಾಡಿಕೊಡುವುದೆಂದು ಮಾತಾಗಿ ಹದಿನೈದು ದಿನಗಳಾಗಿದ್ದುವು. “ಆಂಟಿ, ಹಸು, ಕರು, ಬೆಟ್ಟ, ಕೊಳಲು ಹಿಡಿದ ಗೊಲ್ಲ ಎಲ್ಲಾ ಇರ್ಲಿ. ಹುಲಿ ಒಂದು ಬೇಡ. ಹುಟ್ಟಿದ ದಿನ ಅಲ್ವಾ, ಅದು ಕೊನೇಲಿ ಬಿದ್ದು ಸಾಯತ್ತೆ ಬೇರೆ” ಎಂದಳು. ನಾನು, “ನಾಳೆ ಮಾತಾಡೋಣಮ್ಮ, ಒಂದು ದಿನ ಯೋಚಿಸು” ಎಂದಷ್ಟೇ ಹೇಳಿ ಫೋನು ಇಟ್ಟೆ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಮುಸುಕಿನ ಜೋಳದ ಹಿಟ್ಟು ಉದುರಿಸಿದ ತಟ್ಟೆಯಲ್ಲಿ, ಹುಲಿ ಆಗಲೇ ಎರಡು ದಿನಗಳಿಂದ ಒಣಗುತ್ತ ಕುಳಿತಿತ್ತು.

ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ಕೇಕುಗಳ ಮೇಲೆ ಕತೆಗಳನ್ನು ಕಟ್ಟುವ ಕೆಲಸಕ್ಕೆ ತೊಡಗಿದವಳು ನಾನು. ಕಾಗಕ್ಕನ ಮನೆ ಮಳೆಗೆ ಕೊಚ್ಚಿಹೋಗುತ್ತಿರುವುದು, ಗುಬ್ಬಕ್ಕ ಕದ ಮುಚ್ಚಿಕೊಂಡು ಮಗುವಿಗೆ ನೀರೆರೆಯುತ್ತಿರುವುದು. ಬೇತಾಳನನ್ನು ಹೆಗಲಿಗೇರಿಸಿಕೊಂಡು, ಚಂದಮಾಮದಲ್ಲಿ ಶಂಕರ್ ಅವರು ಬರೆದ ಚಿತ್ರದಲ್ಲಿ ನಡೆಯುವಂತೆಯೇ, ಕತ್ತಿ ಹಿಡಿದು ನಡೆಯುವ ವಿಕ್ರಮ. ಒಮ್ಮೆ ಒಂದು ಹುಡುಗಿಗೆ ಸಿಂಡ್ರೆಲಾಳ ಕುಂಬಳಕಾಯಿಯ ಸಾರೋಟು. ನಮ್ಮ ಮಕ್ಕಳಿಗೆ ನಮ್ಮ ಕತೆಯೋ ಪರದೇಶದ ಕತೆಯೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಅಮರಚಿತ್ರಕಥೆಯ ಮಾಲೆ ಮೊದಲು ಕಾಣಿಸಿಕೊಂಡುದು ಕನ್ನಡದಲ್ಲಿ, 1965ರಲ್ಲಿ. ಆಗ ಬಂದ ಪುಸ್ತಕಗಳು ಸಿಂಡ್ರೆಲಾಳೇ ಮೊದಲಾದ ಪಶ್ಚಿಮದ ಕತೆಗಳೇ ಆಗಿದ್ದುವು. ಕೃಷ್ಣ ಬಂದುದು ಅವರೆಲ್ಲರ ಬಳಿಕ. ಕುವೆಂಪು ಅವರ ಕಿಂದರಿಜೋಗಿಯೂ ಬ್ರೌನಿಂಗ್ ಕವಿಯ ಹ್ಯಾಮೆಲಿನ್ನಿನಿಂದ ಬೊಮ್ಮನಹಳ್ಳಿಗೆ ಬಂದು ನೆಲಸಿದವನೇ. ಕತೆಗಳಿಗೆ ಕಾಲಿರುವುದು ನಡೆಯುವುದಕ್ಕಾಗಿ. ಅದನ್ನು ಹೆಚ್ಚು ಬೆಳೆಸಬೇಕಾಗಿಲ್ಲ.

ನನಗೆ ಮುಖ್ಯವಾಗಿ ತೋರುವುದು ಬೇರೆ. ಪುಸ್ತಕದಲ್ಲಿ ಕತೆ ಪುಟದಿಂದ ಪುಟಕ್ಕೆ ಹರಿಯುತ್ತದೆ. ಕೇಕಿನ ಮೇಲೆ ಹರಿಯಲಾರದು. ಹತ್ತು ಅಂಗುಲದ ವೃತ್ತದಲ್ಲಿ ಒಂದೇ ಒಂದು ಗಳಿಗೆಯನ್ನು ನಿಲ್ಲಿಸಬೇಕು, ಮತ್ತು ಆ ಒಂದು ಗಳಿಗೆಯಿಂದ ಹಿಂದಿನದೂ ಮುಂದಿನದೂ ನೋಡುವವರ ಮನಸ್ಸಿನಲ್ಲಿ ತಾನಾಗಿ ಏಳಬೇಕು. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಯವರಿಗೆ ಇದು ಹೊಸದಲ್ಲ. ಹಾಗಾದರೆ ಪುಣ್ಯಕೋಟಿಯ ಕತೆಯಲ್ಲಿ ಆ ಗಳಿಗೆ ಯಾವುದು? ಹಸು ಕರುವಿಗೆ ಕೊನೆಯ ಬಾರಿ ಹಾಲೂಡಿಸುವುದು ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳುವರು. ತರಗತಿಯಲ್ಲಿ ಮಕ್ಕಳ ಕಣ್ಣು ತುಂಬುತ್ತಿದ್ದುದೂ ಅಲ್ಲಿಯೇ. ಆದರೆ ವರ್ಷವರ್ಷವೂ ಆ ಪದ್ಯವನ್ನು ಹೇಳಿಕೊಡುತ್ತ ಬಂದ ನನ್ನ ಮನಸ್ಸು ಹೋಗುತ್ತಿದ್ದುದು ದೊಡ್ಡಿಗಲ್ಲ, ಕಾಡಿಗೆ. ಕತೆ ಹಸುವಿನ ಹಿಂದೆಯೇ ಹೋಗುತ್ತದೆ, ನಾವೂ ಹೋಗುತ್ತೇವೆ. ಆ ಹೊತ್ತಿನಲ್ಲಿ ಅರ್ಬುತನೆಂಬ ಆ ಹುಲಿ ಏನು ಮಾಡುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಹಸಿದ ಹುಲಿ, ಬಾಯಿಗೆ ಬಂದ ಆಹಾರವನ್ನು, ಕೇವಲ ಒಂದು ಮಾತನ್ನು ನಂಬಿ, ಬಿಟ್ಟುಕೊಟ್ಟ ಹುಲಿ, ದಾರಿಯನ್ನೇ ನೋಡುತ್ತ ಕುಳಿತ ಹುಲಿ. ಹಸು ಮಾತನ್ನು ಉಳಿಸಿಕೊಂಡುದು ಅದ್ಭುತವೇ. ಆದರೆ ಆ ಮಾತಿಗೆ ಉಳಿದುಕೊಳ್ಳುವ ಅವಕಾಶವನ್ನು ಕೊಟ್ಟುದು ಹುಲಿಯ ಆ ಕಾಯುವಿಕೆಯಲ್ಲವೆ? ಹುಲಿಯನ್ನು ತೆಗೆದು ಹಸುಕರುಗಳನ್ನು ಮಾತ್ರ ಹಸಿರು ಕೆನೆಯ ಮೇಲೆ ನಿಲ್ಲಿಸಿದರೆ ಉಳಿಯುವುದು ಹಾಲಿನ ಡೈರಿಯ ಚಿತ್ರವೇ ಹೊರತು ಪುಣ್ಯಕೋಟಿಯಲ್ಲ.

ಕಾಯುವುದು ಎಂದೊಡನೆ ನೆನಪು ನೇರವಾಗಿ ನಂಜನಗೂಡಿನ ನಮ್ಮಜ್ಜಿಯ ಅಡುಗೆಮನೆಗೆ ಓಡುತ್ತದೆ. ಸಂಕ್ರಾಂತಿಗೆ ಇನ್ನೂ ಎಂಟು ದಿನ ಇರುವಾಗಲೇ ಅಟ್ಟದ ಮೇಲಿಂದ ಸಕ್ಕರೆ ಅಚ್ಚುಗಳ ಗಂಟು ಕೆಳಗಿಳಿಯುತ್ತಿತ್ತು. ಎರಡು ಹೋಳು, ಮೂರು ಹೋಳುಗಳ ಮರದ ಅಚ್ಚುಗಳು; ಮುಚ್ಚಿದರೆ ಒರಟು ತುಂಡು, ತೆರೆದರೆ ಒಳಗೆ ಆನೆ, ಕುದುರೆ, ಗಿಳಿ, ಮೀನು, ತುಳಸಿಯ ಬೃಂದಾವನ. ಅವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ದಾರ ಸುತ್ತಿ ಬಿಗಿದು ಸಾಲಾಗಿ ನಿಲ್ಲಿಸುತ್ತಿದ್ದರು. ಸಕ್ಕರೆಗೆ ನೀರು ಬೆರೆಸಿ ಕುದಿಯಲಿಟ್ಟು, ಒಂದೆರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಗಟ್ಟಿ ಮೇಲೆ ತೇಲುತ್ತಿತ್ತು. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಶೋಧಿಸಿ, ಆ ಪಾಕದಲ್ಲಿ ಸ್ವಲ್ಪವನ್ನೇ ಸಣ್ಣ ಪಾತ್ರೆಗೆ ತೆಗೆದುಕೊಂಡು, ನಿಂಬೆಯ ರಸದ ಎರಡು ಹನಿ ಹಿಂಡಿ ಮತ್ತೆ ಕುದಿಸಿ, ಕೆಳಗಿಳಿಸಿ ಸೌಟಿನಿಂದ ಕದಡುತ್ತಿದ್ದರು. ಕದಡುತ್ತ ಕದಡುತ್ತ, ಗಾಜಿನಂತೆ ಪಾರದರ್ಶಕವಾಗಿದ್ದ ಪಾಕ ಹಾಲಿನಂತೆ ಬೆಳ್ಳಗಾಗುವ ಒಂದು ಗಳಿಗೆ ಬರುತ್ತದೆ. ಹೊಯ್ಯಬೇಕಾದುದು ಆ ಗಳಿಗೆಯಲ್ಲಿ. ಮುಂಚೆ ಹೊಯ್ದರೆ ಅಚ್ಚಿಗೆ ಅಂಟಿಕೊಂಡು ಆನೆಯ ಸೊಂಡಿಲು ಮುರಿಯುತ್ತದೆ. ತಡವಾದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಮಕ್ಕಳಾದ ನಾವು ಅಚ್ಚುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಬಿಚ್ಚಲೇ ಅಜ್ಜಿ?” ಎಂದು ಕೇಳುತ್ತಲೇ ಇದ್ದೆವು, ಅಜ್ಜಿ, “ಅದರ ಹೊತ್ತಿಗೆ ಅದು ಬಿಡತ್ತೆ ಕಣೇ, ಸುಮ್ಮನಿರು” ಎನ್ನುತ್ತಿದ್ದರು.

ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಕೇಕುಗಳ ಪ್ರದರ್ಶನವೊಂದು ನಡೆಯುತ್ತದೆ. ಸುಮಾರು ಅರ್ಧ ಶತಮಾನದಿಂದ ನಡೆದುಬಂದಿರುವ ಆ ಪ್ರದರ್ಶನದಲ್ಲಿ ಸಕ್ಕರೆಯ ಅರಮನೆಗಳನ್ನೂ ಗೋಪುರಗಳನ್ನೂ ಆಳೆತ್ತರಕ್ಕೂ ಮೀರಿ ಎಬ್ಬಿಸುತ್ತಾರೆ. ಜನ ಟಿಕೇಟು ಕೊಂಡು, ಸಾಲಿನಲ್ಲಿ ನಿಂತು ನೋಡುತ್ತಾರೆ. ನೋಡಬೇಕಾದುದೇ, ಆ ಕುಶಲಿಗಳಿಗೆ ನಾನು ಕೈಮುಗಿಯುತ್ತೇನೆ. ಆದರೆ ಸಕ್ಕರೆಯಲ್ಲಿ ರೂಪ ನಿಲ್ಲಿಸುವ ವಿದ್ಯೆ ನಮಗೆ ಹೊರಗಿನಿಂದ ಬಂದಿತೆಂದು ಯಾರಾದರೂ ಹೇಳಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ. ಹಳೆಯ ಮೈಸೂರಿನ ಸೀಮೆಯಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಮನೆಗೆ ಹೋದ ಪ್ರತಿಯೊಬ್ಬ ಹುಡುಗಿಯ ಕೈಯಲ್ಲಿಯೂ ಆ ವಿದ್ಯೆಯ ಒಂದು ಬಿಳಿಯ ಗಿಳಿ ಕುಳಿತಿರುತ್ತಿತ್ತು. ಈಗ ಅಚ್ಚುಗಳನ್ನು ಅಂಗಡಿಯಿಂದ ಪೊಟ್ಟಣಗಳಲ್ಲಿ ಕೊಳ್ಳುತ್ತೇವೆ. ಮರದ ಅಚ್ಚನ್ನು ಕೆತ್ತುವ ಬಡಗಿಯನ್ನು ಹುಡುಕಿಕೊಂಡು ನಾನು ಹೋದ ವರ್ಷ ಎಷ್ಟೋ ಬೀದಿಗಳನ್ನು ಅಲೆದು ಬರಿಗೈಯಲ್ಲಿ ಹಿಂದಿರುಗಿದೆನು. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಗಂಟು ಇದ್ದರೆ, ದಯಮಾಡಿ ಒಲೆಗೆ ಹಾಕಬೇಡಿರಿ, ಹಳೆಯ ಸಾಮಾನಿನವನಿಗೂ ಕೊಡಬೇಡಿರಿ. ವರ್ಷಕ್ಕೊಮ್ಮೆ ನೆನೆಹಾಕಿ, ನೆರಳಿನಲ್ಲಿ ಒಣಗಿಸಿದರೆ ನಿಮ್ಮ ಮೊಮ್ಮಕ್ಕಳವರೆಗೂ ಅದು ಬಾಳುತ್ತದೆ. ಅಜ್ಜಿಯ ಗಂಟಿನಲ್ಲಿ ಹುಲಿಯ ಅಚ್ಚು ಇರಲಿಲ್ಲ. ಅದೊಂದು ಕೊರತೆ ನನ್ನಲ್ಲಿ ಐವತ್ತು ವರ್ಷಗಳಿಂದ ಉಳಿದುಬಂದಿತ್ತು.

ಆದುದರಿಂದ ಹಲಗೆಯ ಮೇಲಿನ ಈ ಹುಲಿಯನ್ನು ನಾನು ಎಷ್ಟು ಆಸ್ಥೆಯಿಂದ ಮಾಡಿದ್ದೇನೆಂಬುದನ್ನು ಹೇಳದೆ ಮುಂದುವರಿಯಲಾರೆ. ಬೊಂಬೆ ಮಾಡುವ ಸಕ್ಕರೆಯ ಹಿಟ್ಟಿನಲ್ಲಿ, ಎಂದರೆ ಅಂಗಡಿಯ ಫಾಂಡೆಂಟಿನಲ್ಲಿ, ಅನೇಕ ವೇಳೆ ಪ್ರಾಣಿಜನ್ಯವಾದ ಜೆಲಾಟಿನ್ ಇರುವುದರಿಂದ, ನಮ್ಮ ಬೀದಿಯ ಎಲ್ಲ ಮಕ್ಕಳೂ ತಿನ್ನುವಂತಾಗಲೆಂದು ನಾನು ಅಗರ್ ಹಾಕಿ ಮನೆಯಲ್ಲಿಯೇ ಕಲಸುತ್ತೇನೆ. ಚಪಾತಿಯ ಹಿಟ್ಟಿಗಿಂತ ಒಂದು ಪಾಲು ಗಟ್ಟಿಯಾಗಿ ನಾದಬೇಕು. ಬಣ್ಣ ದ್ರವರೂಪದ್ದಾದರೆ ಹಿಟ್ಟು ಸಡಿಲವಾಗುತ್ತದೆ. ಜೆಲ್ ಬಣ್ಣವೇ ಆಗಬೇಕು, ಅದೂ ಕಡ್ಡಿಯ ತುದಿಗೆ ಹತ್ತುವಷ್ಟು. ಮುಂಡವನ್ನು ಮೊದಲು ಮಾಡಿ ಒಂದು ರಾತ್ರಿ ಬಿಟ್ಟು, ಮರುದಿನ ತಲೆಯನ್ನು ಕೂರಿಸಬೇಕು. ಕತ್ತಿನೊಳಗೆ ಹಲ್ಲುಕಡ್ಡಿ ಚುಚ್ಚಿದರೆ ಮಗುವಿನ ಬಾಯಿಗೆ ಅಪಾಯವಾದೀತೆಂದು ಒಣ ಸ್ಪಗೆಟಿಯ ಒಂದು ತುಂಡನ್ನು ಚುಚ್ಚುತ್ತೇವೆ. ಕಿವಿಗಳು ಅವರೆಕಾಳಿನಷ್ಟು. ಪಟ್ಟೆಗಳನ್ನು ಬರೆಯುವ ಕುಂಚದಲ್ಲಿ ನೀರಿನ ಪಸೆ ಹೆಚ್ಚಾದರೆ ಅಲ್ಲಲ್ಲಿ ಸಕ್ಕರೆ ಕರಗಿ ಗುಳಿಬೀಳುತ್ತದೆ. ಒಣಗಲೆಂದು ಫ್ರಿಜ್ಜಿನಲ್ಲಿಡುವವರುಂಟು, ಹೊರತೆಗೆದ ಹತ್ತೇ ನಿಮಿಷಗಳಲ್ಲಿ ಮೈಯೆಲ್ಲ ಬೆವತು, ಕಪ್ಪು ಬಣ್ಣ ಕೆಂಪಿನೊಳಕ್ಕೆ ಇಳಿಯುತ್ತದೆ. ಗಾಳಿಯಲ್ಲಿಯೇ ಒಣಗಬೇಕು, ಈ ಆಷಾಢದ ತೇವದಲ್ಲಿ ಮೂರು ದಿನ ಬೇಕು. ನನ್ನ ಅರ್ಬುತ ಕೋರೆಹಲ್ಲು ತೋರಿಸುತ್ತಿಲ್ಲ. ಮುಂಗಾಲುಗಳನ್ನು ನೀಡಿ, ತಲೆಯನ್ನು ಒಂದಿಷ್ಟು ಎತ್ತಿ, ಹಸು ಬರಬೇಕಾದ ಕಾಲುದಾರಿಯತ್ತ ನೋಡುತ್ತ ಕುಳಿತಿದೆ. ಹುಲಿ ಬೀಳುವ ಗಳಿಗೆಯನ್ನು ನಾನು ಕೇಕಿನ ಮೇಲೆ ತರುವವಳೇ ಅಲ್ಲ. ಹುಡುಗನ ತಾಯಿಯ ಅಂಜಿಕೆ ನನಗೆ ಅರ್ಥವಾಗುತ್ತದೆ.

ಇನ್ನು ಈ ವಯಸ್ಸಿನಲ್ಲಿ ಕಾರು ಕಲಿಯುವುದೇಕೆಂದು ಕೇಳುವವರಿದ್ದಾರೆ. ಇಷ್ಟು ದಿನ ಕೇಕುಗಳನ್ನು ತಲಪಿಸುತ್ತಿದ್ದುದು ನನ್ನ ಯಜಮಾನರು; ಕತ್ತಲಾದ ಮೇಲೆ ಗಾಡಿ ನಡೆಸಬೇಡಿರೆಂದು ಕಣ್ಣಿನ ವೈದ್ಯರು ಅವರಿಗೆ ಹೇಳಿದ್ದಾರೆ. ಹುಟ್ಟುಹಬ್ಬಗಳಾದರೋ ನಡೆಯುವುದೇ ಸಂಜೆಯ ಮೇಲೆ. ಆಟೋದಲ್ಲಿ ಎರಡಂತಸ್ತಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ, ಒಂದು ಉಬ್ಬಿನಲ್ಲಿ ಗುಬ್ಬಕ್ಕನ ಮನೆಯೂ ಕಾಗಕ್ಕನ ಮನೆಯ ಗತಿಯನ್ನೇ ಕಂಡ ದಿನ ನಾನು ನಿಶ್ಚಯಿಸಿಕೊಂಡೆನು. ಕೇಕನ್ನು ಕಾರಿನ ಸೀಟಿನ ಮೇಲೆ ಇಡಬಾರದು, ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಕಾಲಿಡುವ ಸಮತಟ್ಟಾದ ಜಾಗದಲ್ಲಿ, ಜಾರದ ಚಾಪೆ ಹಾಸಿ ಇಡಬೇಕು. ಬ್ರೇಕನ್ನು ಹಾಲು ಉಕ್ಕುವಾಗ ಉರಿ ತಗ್ಗಿಸಿದಂತೆ ಮೆಲ್ಲಗೆ ಒತ್ತಬೇಕು.

ಮೇಷ್ಟರು ಮೊದಲ ವಾರ ನನಗೆ ಸ್ಟಿಯರಿಂಗನ್ನು ಕೊಡದೆ ಕ್ಲಚ್ಚನ್ನೇ ಕಲಿಸಿದರು. ಅವರ ಕಡೆಯಲ್ಲಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಉಂಟು. ಆ ಧೈರ್ಯದ ಮೇಲೆ ನಮ್ಮ ವಿದ್ಯೆ ನಡೆಯುತ್ತದೆ. “ಬಿಡ್ತಾ ಬನ್ನಿ, ಬಿಡ್ತಾ ಬನ್ನಿ, ಗಾಡಿ ಒಂಚೂರು ನಡುಗತ್ತೆ ನೋಡಿ, ಅಲ್ಲೇ ಹಿಡೀರಿ. ಅದೇ ಹಾಫ್ ಕ್ಲಚ್. ಅದು ಕಾಲಿಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ” ಎಂದರು. ಗಾಡಿಯ ಮೈ ಆ ಕ್ಷಣದಲ್ಲಿ ನಿಜವಾಗಿಯೂ ಸಣ್ಣಗೆ ಕಂಪಿಸುತ್ತದೆ, ಮುಂದಕ್ಕೆ ಹೋಗಲೋ ಬೇಡವೋ ಎಂಬಂತೆ. ಆ ಕಂಪನ ಪಾದಕ್ಕೆ ಮೊದಲ ಬಾರಿ ತಿಳಿದ ಬೆಳಗ್ಗೆ ನನಗೆ ಅಜ್ಜಿಯ ಪಾಕ ಬೆಳ್ಳಗಾಗುತ್ತಿದ್ದ ಗಳಿಗೆ ನೆನಪಾಗಿ, ಕಣ್ಣು ಮಂಜಾಯಿತು. ಮುಂಚೆಯೂ ಅಲ್ಲ, ತಡವೂ ಅಲ್ಲ. ಅಂದಿನಿಂದ ಹಿಟ್ಟು ನಾದುವಾಗಲೂ, ತಿರುಗುಮಣೆಯ ಮೇಲೆ ಕೇಕನ್ನು ತಿರುಗಿಸುತ್ತ ಕೆನೆಯನ್ನು ಸಮಮಾಡುವಾಗಲೂ ನನ್ನ ಎಡಗಾಲು ತಾನಾಗಿಯೇ ನೆಲವನ್ನು ಮೆಲ್ಲಗೆ ಒತ್ತಿ ಬಿಡುತ್ತಿರುತ್ತದೆ.

ಕಲಿಯುವವರ ಗಾಡಿಯ ಮುಂದೆಯೂ ಹಿಂದೆಯೂ ಎಲ್ ಎಂಬ ಅಕ್ಷರವಿರಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದರ ಅಳತೆಯನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಗೊತ್ತುಮಾಡಿದ್ದಾರೆ: ಬಿಳಿಯ ಫಲಕ 18 ಸೆಂಟಿಮೀಟರ್ ಚೌಕಕ್ಕೆ ಕಡಮೆಯಾಗಕೂಡದು, ಕೆಂಪು ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ, ಬುಡದಲ್ಲಿ 9 ಸೆಂಟಿಮೀಟರ್ ಅಗಲ ಇರಬೇಕು. ಕೇಕಿನ ಮೇಲೆ ಹೆಸರು ಬರೆಯುವ ನನಗೆ ಈ ಅಳತೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ದೂರದಿಂದ ಓದಲಾಗಬೇಕೆಂಬ ಕಾಳಜಿಯಿಂದಲ್ಲದೆ ಯಾರೂ ಅಕ್ಷರವನ್ನು ಇಷ್ಟು ಅಳೆದು ಬರೆಸುವುದಿಲ್ಲ. ಇವರು ಮಾತು ಕೊಟ್ಟಿದ್ದಾರೆ, ಕಲಿತು ಬರುತ್ತಾರೆ, ಅಷ್ಟು ಹೊತ್ತು ಕಾಯಿರಿ ಎಂಬುದೇ ಅಲ್ಲವೆ ಆ ಅಕ್ಷರ ಹಿಂದಿನವರಿಗೆ ಹೇಳುವುದು? ಕಾಡಿನ ಮೃಗ ಹಸಿವನ್ನು ತಡೆದುಕೊಂಡು ಕಾದ ಕತೆಯನ್ನು ಎದೆಯಲ್ಲಿಟ್ಟುಕೊಂಡು ಬೆಳೆದ ಊರಿನಲ್ಲಿ, ಒಂದು ಹಸಿರು ದೀಪದ ಮುಂದೆ ಎರಡು ಸೆಕೆಂಡು ಕಾಯಲಾರದೆ ಹೋದುದು ನನ್ನನ್ನು ಇಂದು ಬೆಳಗಿನಿಂದ ನೋಯಿಸುತ್ತಿದೆ.

ನಾಳೆ ಮತ್ತೆ ಫೋನು ಬರಬೇಕು. ಆ ಹುಡುಗಿ ಬೇಡವೆಂದೇ ಹೇಳಿದರೂ ಹುಲಿಯನ್ನು ಬೇರೆಯ ಡಬ್ಬಿಯಲ್ಲಿಟ್ಟು ಮಗುವಿನ ಕೈಗೇ ಕೊಡುವುದೆಂದು ನಿಶ್ಚಯಿಸಿದ್ದೇನೆ. ಕೇಕು ಹೋಗಬೇಕಾದುದು ಬೀದಿಯ ಆ ತುದಿಗೇ ಆದುದರಿಂದ, ಭಾನುವಾರ ನಾವಿಬ್ಬರೂ ಅದನ್ನು ಹಿಡಿದುಕೊಂಡು ನಡೆದೇ ಹೋಗುತ್ತೇವೆ. ನನ್ನ ಎಲ್‌ಎಲ್ ಆಗಿ ಮೂವತ್ತು ದಿನಗಳು ಮುಂದಿನ ವಾರ ತುಂಬುತ್ತವೆ. ಆಮೇಲೆ ಡಿಎಲ್ ಪರೀಕ್ಷೆ. ಅಲ್ಲಿಯವರೆಗೆ ಬೆಳಗಿನ ಹೊತ್ತು, ಹುಣಸೂರು ರಸ್ತೆಯಲ್ಲಾಗಲಿ, ಬೋಗಾದಿಯ ಕಡೆಯಲ್ಲಾಗಲಿ, ನಿಮ್ಮ ಮುಂದೆ ಒಂದು ಗಾಡಿ ಮುಗ್ಗರಿಸಿ ನಿಂತು, ಅದರ ಬೆನ್ನಮೇಲೆ ಆ ಕೆಂಪು ಅಕ್ಷರ ಕಂಡರೆ, ಹಾರನ್ನಿನಿಂದ ಕೈ ತೆಗೆದು ಮನಸ್ಸಿನಲ್ಲಿ ಹತ್ತು ಎಣಿಸಿರಿ. ಅಷ್ಟರಲ್ಲಿ ಗಾಡಿ ಹೊರಡುತ್ತದೆ.