ನೋವಿನ ಮಾತ್ರೆಯ ಜೊತೆಗೊಂದು ಮಾತ್ರೆ

ಜೂನ್ 3, ಮಂಗಳವಾರ

ಮಾರ್ಫಿನ್ ಶುರುವಾದ ಮೇಲೆ ಅಪ್ಪನಿಗೆ ರಾತ್ರಿ ನಿದ್ದೆ ಹತ್ತುತ್ತಿದೆ. ಆದರೆ ಹೊಟ್ಟೆ ಕಟ್ಟಿಕೊಂಡಿದೆ, ಊಟ ಬೇಡವೆನ್ನುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಅಮ್ಮ ಹರಳೆಣ್ಣೆ ಕೊಡೋಣ ಅಂದಳು. ಅದು ಸಣ್ಣ ಕರುಳಿನಿಂದಲೇ ಕೆಲಸ ಶುರುಮಾಡಿ ಜೋರಾಗಿ ಭೇದಿ ಮಾಡಿಸುತ್ತದೆ, ಈ ನಿತ್ರಾಣಕ್ಕೆ ಬೇಡ ಎಂದರು ಡಾಕ್ಟರು. ಕರುಳಿನಲ್ಲಿ ಎಲ್ಲೂ ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಲಗುವ ಮುಂಚೆ ನುಂಗಲು ಬೈಸಕೋಡಿಲ್ ಎಂಬ ಮಲಬದ್ಧತೆಯ ಮಾತ್ರೆ ಬರೆದರು. ಅಡ್ಡಿಯಿದ್ದರೆ ಈ ಮಾತ್ರೆ ಅಪಾಯ.

ಜೂನ್ 4, ಬುಧವಾರ

ಬೆಳಗಿನ ಜಾವ ಹೊಟ್ಟೆ ನುಲಿಯಿತಂತೆ. ಆಮೇಲೆ ಸಲೀಸಾಯಿತು. ಆ ನುಲಿತ ಏನೆಂದು ಸಂಜೆ ಕೂತು ಓದಿದೆ.

ದೊಡ್ಡ ಕರುಳು ದಿನದ ಬಹುಪಾಲು ಒಳಗಿನದನ್ನು ಇದ್ದಲ್ಲೇ ಕಲಸುತ್ತ ನೀರು ಹೀರುತ್ತದೆ. ದಿನಕ್ಕೆ ಕೆಲವೇ ಸಲ, ಹೆಚ್ಚಾಗಿ ಎದ್ದ ಮೇಲೆ, ಉಂಡ ಮೇಲೆ, ಬಲವಾದ ಅಲೆಯೊಂದು ಎದ್ದು ಎಲ್ಲವನ್ನೂ ಗುದದತ್ತ ಬಹುದೂರ ತಳ್ಳುತ್ತದೆ. ಆಗ ಒಳಗಿನ ಒತ್ತಡ 100 ಮಿಲಿಮೀಟರ್ ಪಾದರಸವನ್ನು ದಾಟುವುದುಂಟು. ವಿಯೆನ್ನಾದ ವೈದ್ಯ ಹೋಲ್ಟ್ಸ್‌ಕ್ನೆಕ್ಟ್ ಎಕ್ಸ್‌ರೇಯಲ್ಲಿ ಈ ಚಲನೆಯನ್ನು ಕಂಡು 1909ರಲ್ಲೇ ಬರೆದಿದ್ದರು. ಮಾರ್ಫಿನ್ ಕರುಳಗೋಡೆಯ ನರಗಳನ್ನು ಹತ್ತಿಕ್ಕಿ ಈ ಅಲೆಯನ್ನು ಅಡಗಿಸುತ್ತದೆ. ಬೈಸಕೋಡಿಲ್ ಒಳಪದರವನ್ನು ಕೆರಳಿಸಿ ಅದನ್ನು ಮತ್ತೆ ಎಬ್ಬಿಸುತ್ತದೆ, ಮಲದಲ್ಲಿ ನೀರನ್ನೂ ಉಳಿಸುತ್ತದೆ. ಅಪ್ಪನ ಹೊಟ್ಟೆ ನುಲಿದದ್ದು ಆ ಅಲೆಯಿಂದಲೇ.

ಜೂನ್ 6, ಶುಕ್ರವಾರ

ಅಪ್ಪ ಹಾಲಿನ ಜೊತೆ ಮಾತ್ರೆ ನುಂಗುವವರಿದ್ದರು, ನೀರು ಕೊಟ್ಟೆ. ಮಾತ್ರೆಯ ಮೇಲಿನ ಲೇಪ ಜಠರ ದಾಟಿದ ಮೇಲೆಯೇ ಕರಗಬೇಕು. ಹಾಲು, ಆಸಿಡಿಟಿಯ ಔಷಧಿ ಜೊತೆಯಾದರೆ ಮೊದಲೇ ಕರಗಿ ಹೊಟ್ಟೆನೋವು ತರುತ್ತದೆ. ಮಲಬದ್ಧತೆಗೆ ಬಳಸುವ ಸೋನಾಮುಖಿಯ ಸತ್ವವೂ ಹೀಗೆ ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಬಿಡಿಸಿಕೊಂಡ ಮೇಲಷ್ಟೇ ಕೆಲಸ ಮಾಡುತ್ತದೆ. ಎರಡಕ್ಕೂ 6ರಿಂದ 12 ಗಂಟೆ ಹಿಡಿಯುತ್ತದೆ. ರಾತ್ರಿ ಕೊಡುವುದು ಅದಕ್ಕೇ.

ಜೂನ್ 9, ಸೋಮವಾರ

ಕರುಳು ಈ ಮಾತ್ರೆಗೇ ಒಗ್ಗಿ ಸೋಮಾರಿಯಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದರು. ಡಾಕ್ಟರನ್ನೇ ಕೇಳಿದೆ. ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಕರುಳಿನ ನರಗಳು ಕೆಡುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲವಂತೆ. ಮಾರ್ಫಿನ್ ತರುವ ತೂಕಡಿಕೆ, ವಾಕರಿಕೆಗಳಿಗೆ ದೇಹ ಕೆಲವು ದಿನಗಳಲ್ಲಿ ಒಗ್ಗುತ್ತದೆ. ಮಲಬದ್ಧತೆಗೆ ಮಾತ್ರ ಒಗ್ಗುವುದಿಲ್ಲ. ಹಾಗಾಗಿ ಮಾರ್ಫಿನ್ ಇರುವಷ್ಟು ಕಾಲ ಈ ಮಾತ್ರೆಯೂ ಇರಬೇಕು.

ಇವತ್ತು ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮನೆಯಲ್ಲಿ ಯಾರಿಗೇ ಮಾರ್ಫಿನ್ ಬರೆಯಲಿ, ಕರುಳಿನ ಮಾತ್ರೆಯನ್ನು ಅಂದೇ ಕೇಳಿ ಪಡೆಯಬೇಕು. ರೋಗಿ ನಾಚಿಕೊಂಡರೆ ಮನೆಯವರಾದರೂ ಬಾಯಿಬಿಟ್ಟು ಕೇಳಬೇಕು.