ಸೊಕ್ಕೆ ದಾರಿಯ ಮೆಕ್ಕೆಜೋಳ

ದಾವಣಗೆರೆಯಿಂದ ಹಂಪಿಗೆ ಸೈಕಲ್ಲಿನಲ್ಲಿ ಹೊರಟವರು ನಾವು ಆರು ಜನ. ಮೊದಲ ರಾತ್ರಿ ಕೊಟ್ಟೂರಿನಲ್ಲಿ ತಂಗುವುದೆಂದು ಮಾತಾಗಿತ್ತು. ಅಲ್ಲಿಗೆ ಹತ್ತಿರದ ದಾರಿ ಬೇರೆಯೇ ಇದೆ. ಬಿಳಿಚೋಡು, ಜಗಳೂರು, ಸೊಕ್ಕೆ, ಉಜ್ಜಿನಿ ಎಂದು ಬಳಸಿಕೊಂಡೇ ಹೋಗೋಣವೆಂದು ಹಟ ಹಿಡಿದವನು ನಾನು. ಅಮ್ಮನ ತವರು ಆ ಕಡೆಯದು. ಬೇಸಿಗೆ ರಜೆಯಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ನಾನು ಕಲಿತದ್ದು ಆ ಮಣ್ಣಿನಲ್ಲೇ.

ನಮ್ಮ ತಂಡಕ್ಕೆ ಒಂದೇ ನಿಯಮ: ಎಲ್ಲರಿಗಿಂತ ಹಿಂದಿರುವವರ ವೇಗವೇ ಎಲ್ಲರ ವೇಗ. ಹಿಂದಿದ್ದವರು ನಿವೃತ್ತ ಮೇಷ್ಟ್ರು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ 'ಬ್ರೆವೆ' ಎಂಬ ಸವಾರಿಗಳಿವೆ. ನಾನೂ ಒಂದನ್ನು ಮುಗಿಸಿದ್ದೇನೆ. ಆ ದಿನದಿಂದ ನೆನಪಿನಲ್ಲಿ ಉಳಿದದ್ದು ಗಡಿಯಾರ. ಮೇಷ್ಟ್ರ ಹಿಂದೆ ಹೋದ ದಿನದಿಂದ ಉಳಿದದ್ದು ಬಹಳ.

ಜಗಳೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿತ್ತು. ಅಂಚಿಗೆ ಸಾಲಾಗಿ ಕಲ್ಲು. ಕಾಳಿನ ಮೇಲೆ ಸೈಕಲ್ ಜಾರುತ್ತದೆಂದು ಮೇಷ್ಟ್ರು ಪಕ್ಕದ ಮಣ್ಣಿಗೆ ಇಳಿಸಿದರು. ಜಾಲಿಮುಳ್ಳು ಕಾದೇ ಇತ್ತು. ಸೈಕಲ್ ತಿರುವಿ ಹಾಕಿ ಪಂಚರ್ ತಿದ್ದಲು ಕುಳಿತೆವು. ಕಾಳನ್ನು ಕಾಲಿನಿಂದ ಗೀರುತ್ತ ಮಗುಚುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು.

"ಎಲ್ಲಿಗೆ ಹೊಂಟೀರಪ್ಪಾ?"

"ಕೊಟ್ಟೂರಿಗೆ, ಅಜ್ಜಿ."

"ಹರಕೆ ಏನಾರ ಹೊತ್ತೀರೇನು?"

ಜನ 'ಅಜ್ಜಯ್ಯ' ಎನ್ನುವ ಕೊಟ್ಟೂರಿನ ದೇವರ ಮಾಘದ ತೇರಿಗೆ ಸಾವಿರಾರು ಮಂದಿ ನಡೆದೇ ಹೋಗುವ ಸೀಮೆ ಇದು. ಬೆವರು ಸುರಿಸುತ್ತ ಆ ಕಡೆ ಹೋಗುವವರನ್ನು ಅಜ್ಜಿ ಇನ್ನೇನೆಂದು ತಿಳಿದಾರು? ಇಲ್ಲವೆಂದು ಹೇಳಲು ನಮಗೂ ಮನಸ್ಸಾಗಲಿಲ್ಲ. ಅಜ್ಜಿ ಕೊಡದಿಂದ ಆರೂ ಬಾಟಲಿ ತುಂಬಿಸಿದರು. ನಮ್ಮಲ್ಲೊಬ್ಬ ಜೇಬಿಗೆ ಕೈ ಹಾಕಿದ.

"ಅಜ್ಜಯ್ಯನ ಹಾದ್ಯಾಗೆ ಹೋಗೋರ ಹತ್ರ ನೀರಿಗೆ ರೊಕ್ಕ ಇಸ್ಕಂತಾರಾ?"

ಜಗಳೂರು ಸೀಮೆಯ ಕೊಡ ನೀರಿನ ಬೆಲೆ ನನಗೆ ಗೊತ್ತು. ಎರಡು ಕೊಡಕ್ಕಾಗಿ ನಡುರಾತ್ರಿ ಎದ್ದು ಬಾವಿಗೆ ಹೋಗುತ್ತಿದ್ದುದನ್ನು ಅಮ್ಮ ಈಗಲೂ ಹೇಳುತ್ತಾಳೆ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆ ಬಂದಾಗ ಅವಳು ಅತ್ತಿದ್ದಳು. ಈ ನೆಲದಲ್ಲಿ ಕೇಳದೆ ಸಿಕ್ಕ ಆರು ಬಾಟಲಿ ನೀರು ದೊಡ್ಡ ದಾನ.

ಸೊಕ್ಕೆಯಲ್ಲಿ ಚಹಾ, ಮಂಡಕ್ಕಿ, ಮೆಣಸಿನಕಾಯಿ ಆಯಿತು. ಉಜ್ಜಿನಿಯನ್ನು ಒಳಗೆ ನೋಡಬೇಕು, ಹಂಪಿಯನ್ನು ಹೊರಗೆ ನೋಡಬೇಕು ಎಂಬ ಮಾತು ಈ ಭಾಗದಲ್ಲಿದೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯೊಳಗೆ ಕತ್ತೆತ್ತಿ ನಿಂತು ಅದು ನಿಜವೆಂದು ಒಪ್ಪಿಕೊಂಡೆವು. ಹೊತ್ತು ಮುಳುಗಿದ ಮೇಲೆ ಕೊಟ್ಟೂರು ಸೇರಿದೆವು.

ಮಲಗಿದ ಮೇಲೂ ಆ ಜೋಳ ಕಣ್ಣಿಂದ ಹೋಗಲಿಲ್ಲ. ರಸ್ತೆಯಲ್ಲಿ ಕಾಳು ಒಣಹಾಕುವುದನ್ನು ಬೈಯುವವರಿದ್ದಾರೆ. ರಾತ್ರಿ ಬೈಕುಗಳು ಕಲ್ಲಿಗೆ ಎಡವಿ ಬೀಳುವುದೂ ಸುಳ್ಳಲ್ಲ. ಆದರೆ ತೇವಾಂಶ ಶೇ. 14 ಮೀರಿದರೆ ಖರೀದಿ ಕೇಂದ್ರದಲ್ಲಿ ಕಾಳು ತೆಗೆದುಕೊಳ್ಳುವುದಿಲ್ಲ, ವ್ಯಾಪಾರಿ ಬೆಲೆ ಮುರಿಯುತ್ತಾನೆ. ಸಗಣಿ ಬಳಿದು ಕಣ ಮಾಡುತ್ತಿದ್ದ ಕಾಲ ಹೋಯಿತು. ಬಿಸಿಲಿಗೆ ಕಾದು ಬೇಗ ಕಾಳು ಒಣಗಿಸುವ ಗಟ್ಟಿ ನೆಲವೆಂದರೆ ಬಹಳ ಊರುಗಳಲ್ಲಿ ಡಾಂಬರು ರಸ್ತೆಯೊಂದೇ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿದ ಊರುಗಳೂ ಇವೆ. ಊರಿಗೊಂದಾದರೂ ಕಣ ಬೇಕು. ಅದಾಗುವವರೆಗೆ, ಸುಗ್ಗಿಯಲ್ಲಿ ಜಗಳೂರಿನ ಕಡೆ ಕಾರಿನಲ್ಲಿ ಹೋಗುವವರೇ, ಕಲ್ಲಿನ ಸಾಲು ಕಂಡಲ್ಲಿ ದಯವಿಟ್ಟು ನಿಧಾನಿಸಿ. ಅಲ್ಲಿ ಯಾರೋ ಕಾಳು ಮಗುಚುತ್ತಿರುತ್ತಾರೆ.