ಬೀಗದ ಕೈ ಬರೋಗಂಟ ಕೆಲ್ಸ ಬುಡ್ಬ್ಯಾಡಿ

ಹೋದ ಜೂನ್ ತಿಂಗಳಲ್ಲಿ ಒಂದಿನ ಸಂಜೆ ಹಾಲು ಸೋಸ್ತಿದ್ದೆ, ನನ್ನ ತಂಗಿ ಮಗಳು ಫೋನ್ ಮಾಡಿದ್ಲು. "ದೊಡ್ಡವ್ವ, ಮೈಸೂರ್ಲಿ ಮನ ಸಿಕ್ತು ಕಣವ್ವ. ಅಡ್ವಾನ್ಸ್ ಕೊಟ್ಬುಟ್ಟು ಬಂದವ್ರ. ನಾಳಕ್ಕೇ ಹೋಗಿ ರಾಜೀನಾಮೆ ಕೊಟ್ಬುಡ್ಲಾ?" ಅಂದ್ಲು. ದನಿ ತುಂಬ ಖುಷಿ ಇತ್ತು. ನಾನೂ ಖುಷಿಯಾಯ್ತು ಅನ್ನಬೇಕಿತ್ತು. ಬಾಯಿಂದ ಬಂದದ್ದು ಮಾತ್ರ, "ಬೀಗದ ಕೈ ಸಿಕ್ತಾ ಕೂಸು?" ಅಂತ.

"ಇಲ್ಲ ದೊಡ್ಡವ್ವ, ಈಗ ಇರೋರು ಖಾಲಿ ಮಾಡ್ಬೇಕು, ಸುಣ್ಣ ಬಣ್ಣ ಆಗ್ಬೇಕು, ಒಂದ್ ತಿಂಗ್ಳಂತ."

"ಹಂಗಾರ ನಾಳ ಬ್ಯಾಡ. ಭಾನುವಾರ ಇಲ್ಗ ಬಾ. ಬರೋವಾಗ ನಿನ್ನ ಕೆಲ್ಸದ ಆರ್ಡರ್ ಕಾಗ್ದ ತಕ್ಕಂಡು ಬಾ" ಅಂದೆ.

ಯಾಕೆ ಹಂಗಂದೆ ಅನ್ನೋದಕ್ಕೆ ನನ್ನದೇ ಒಂದು ಕತೆ ಇದೆ. ನಿಮ್ಮಲ್ಲಿ ಎಷ್ಟೋ ಜನಕ್ಕೆ ನಾನು ಒಂದು ಕಾಲದಲ್ಲಿ ಕೆಲಸಕ್ಕೆ ಹೋಗ್ತಿದ್ದೆ ಅನ್ನೋದೇ ಗೊತ್ತಿಲ್ಲ.

ಪಿಯುಸಿ ಮುಗಿಸಿ ಮದುವೆಯಾಗಿ ಪುಣಜನೂರಿಗೆ ಬಂದೆ. 1994ರಲ್ಲಿ ಚಾಮರಾಜನಗರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ತು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರ್ತಿದ್ದೆ. ಅದು ವೀರಪ್ಪನ್ ಕಾಲ. ಕತ್ತಲಾದ ಮೇಲೆ ನಮ್ಮ ಕಾಡಿನ ರಸ್ತೇಲಿ ಓಡಾಡೋಕೆ ಜನ ಹೆದರೋರು. ಬಸ್ಸು ಒಸಿ ತಡವಾದ್ರೂ ನಮ್ಮತ್ತೆ ರಸ್ತೇಲಿ ಬಂದು ನಿಂತಿರೋರು. ಅಂತಾದ್ರಲ್ಲಿ 1996ರಲ್ಲಿ ನಮ್ಮ ಯಜಮಾನ್ರಿಗೆ ಮೈಸೂರಲ್ಲಿ ಕೆಲಸ ಕೊಡಿಸ್ತೀನಿ ಅಂತ ನೆಂಟರೊಬ್ಬರು ಹೇಳಿದ್ರು. ಮನೆಯೂ ನೋಡಾಯ್ತು, ಅಡ್ವಾನ್ಸೂ ಕೊಟ್ಟಾಯ್ತು. ನಾನು ಮಾರನೇ ದಿನವೇ ಹೋಗಿ ಕಾಗದ ಬರೆದು ಕೊಟ್ಟುಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ. "ಹೋಗೋದು ಯಾವತ್ತು?" ಅಂತ ಯಾರೂ ಕೇಳಲಿಲ್ಲ, ನಾನೂ ಕೇಳ್ಕೊಳ್ಳಲಿಲ್ಲ.

ಎರಡು ತಿಂಗಳಲ್ಲಿ ಆ ಮನೆಯವರು ಮಗನಿಗೆ ಬೇಕು ಅಂತ ಅಡ್ವಾನ್ಸ್ ವಾಪಸ್ ಕೊಟ್ರು. ನೆಂಟರ ಮಾತೂ ಅಷ್ಟಕ್ಕೇ ನಿಂತಿತು. ನಾನು ಆಫೀಸಿಗೆ ಹೋಗಿ ಕೇಳಿದೆ. ನನ್ನ ಕುರ್ಚೀಲಿ ಇನ್ನೊಬ್ಬ ಹುಡುಗಿ ಕೂತಿದ್ಲು. ಪಾಪ, ಅವಳದೇನು ತಪ್ಪು. ನೀರು ಕೊಟ್ಟು ಕೂರಿಸಿದ್ಲು. ಮುಂದಿನ ವರ್ಷ, 1997ರ ಆಗಸ್ಟ್ 15ಕ್ಕೆ, ಚಾಮರಾಜನಗರ ಜಿಲ್ಲೆ ಆಯ್ತು. ಊರು ಬೆಳೀತು, ಆಫೀಸುಗಳು ಬಂದವು. ಅಷ್ಟೊತ್ತಿಗೆ ನನ್ನ ಕಂಕುಳಲ್ಲಿ ಮಗು ಇತ್ತು. ಮತ್ತೆ ಕೆಲಸ ಅಂತ ಹೊಸಲು ದಾಟಲಿಲ್ಲ. ಇವತ್ತಿಗೂ ನಾವು ಇರೋದು ಪುಣಜನೂರಲ್ಲೇ, ಅದೇ ಮನೇಲೇ. ಮನೆ ಬದಲಾಗುತ್ತೆ ಅಂತ ಕೆಲಸ ಬಿಟ್ಟೆ, ಮನೆ ಬದಲಾಗಲೇ ಇಲ್ಲ.

ಭಾನುವಾರ ಕೂಸು ಬಂತು, ಅಳಿಮಯ್ಯನೂ ಬಂದ. ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡ್ತಾಳೆ. ಆರ್ಡರ್ ಕಾಗದ ತೆಗೆದು ಇಬ್ಬರ ಎದುರಿಗೂ ಓದಿದೆ. ಕೆಲಸ ಬಿಡೋರು ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು, ಇಲ್ಲದಿದ್ರೆ ಆ ಸಂಬಳ ಹಿಡೀತಾರೆ ಅಂತಿತ್ತು. ಸೇರಿದ ತಾರೀಖು ನವೆಂಬರ್ 12. ಬೆರಳಲ್ಲಿ ಎಣಿಸಿದೆ. ನಾಲ್ಕು ವರ್ಷ ಏಳು ತಿಂಗಳಾಗಿತ್ತು.

"ಐದು ವರ್ಷ ತುಂಬಿದ್ರ ಗ್ರಾಚ್ಯುಟಿ ಬತ್ತದ, ಗೊತ್ತಾ?" ಅಂದೆ. ಹೆಸರು ಕೇಳಿದ್ಲಂತೆ, ಲೆಕ್ಕ ಗೊತ್ತಿರಲಿಲ್ಲ. ಆಗ ಅದು 1972ರ ಕಾಯ್ದೆ ಪ್ರಕಾರ ಇತ್ತು. ಕೊನೇ ಸಂಬಳದಲ್ಲಿ ಬೇಸಿಕ್ಕು, ಡಿಎ ಸೇರಿಸಿ, ಅದನ್ನ ಹದಿನೈದರಿಂದ ಗುಣಿಸಿ, ಇಪ್ಪತ್ತಾರರಿಂದ ಭಾಗಿಸಿ, ಬಂದದ್ದನ್ನ ಎಷ್ಟು ವರ್ಷವೋ ಅಷ್ಟರಿಂದ ಗುಣಿಸಬೇಕು. ಅವಳದು 11,000 ರೂಪಾಯಿ. ಐದು ವರ್ಷಕ್ಕೆ 31,730 ರೂಪಾಯಿ ಬರುತ್ತೆ. ಐದು ತಿಂಗಳು ಮುಂಚೆ ಬಿಟ್ರೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಅಳಿಮಯ್ಯ ಸುಮ್ಮನೆ ಕೇಳ್ತಿದ್ದ. ಆಮೇಲೆ, "ಅಲ್ಲ ದೊಡ್ಡತ್ತ, ನಾನೊಬ್ನೇ ಅಲ್ಲಿದ್ರ ಜನ ಏನಂದರು? ಎಂಡ್ತಿ ತೌರುಮನಲಿ ಕುಂತವ್ಳ ಅನ್ನಲ್ವಾ?" ಅಂದ. ಅದೂ ಸುಳ್ಳಲ್ಲ. ನಾನಂದೆ, "ಈಗ ಆಷಾಢ ಬತ್ತದ. ಆಷಾಢದಲ್ಲಿ ಯಾರಪ್ಪ ಮನ ಒಕ್ಕಲು ಹೋದರು? ಚಾಮರಾಜೇಶ್ವರನ ತೇರಿಗ ಹೊಸ ಜೋಡಿಗಳು ಬಂದಂಗ ನೀನೂ ಬಂದು ಎಂಡ್ತಿ ನೋಡ್ಕಂಡು ಹೋಗು" ಅಂದೆ. ಮದುವೆಯಾಗಿ ಆರು ವರ್ಷ ಆದೋರಿಗೆ ಎಂಥ ಆಷಾಢ ಅಂತ ಇಬ್ಬರೂ ನಕ್ಕರು. ನಕ್ಕ ಮೇಲೆ ಮಾತು ಸಲೀಸಾಯ್ತು.

ಕೊನೆಗೆ ತೀರ್ಮಾನ ಇಷ್ಟು. ಅಳಿಮಯ್ಯ ಮೈಸೂರಲ್ಲಿ ಸ್ನೇಹಿತರ ರೂಮಿನಲ್ಲಿ ಇರೋದು. ಕೂಸು ಮಗೂನ ಕರ್ಕೊಂಡು ನನ್ನ ತಂಗಿ ಮನೇಲಿ ಇದ್ದು ಕೆಲಸಕ್ಕೆ ಹೋಗೋದು. ನಗರದ ಬಾಡಿಗೆ ಮನೆ ಖಾಲಿ ಮಾಡಿದ್ರಿಂದ ಎರಡು ಬಾಡಿಗೆ ಇಲ್ಲ. ರಜಾ ದಿನ ಅವಳು ಮೈಸೂರಿಗೆ ಹೋಗಿ ಬರೋದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲವಲ್ಲ.

ಸುಲಭ ಇತ್ತು ಅಂತ ನಾನು ಹೇಳಲ್ಲ. ಮಗು ರಾತ್ರಿ ಅಪ್ಪ ಬೇಕು ಅಂತ ಅಳೋದು. ಒಂದು ರಾತ್ರಿ ಕೂಸೇ ಫೋನಲ್ಲಿ ಅತ್ತು, "ಈ ದುಡ್ಡಿಗೋಸ್ಕರ ಇಷ್ಟೆಲ್ಲ ಬೇಕಿತ್ತಾ ದೊಡ್ಡವ್ವ?" ಅಂದ್ಲು. ನಂಗೂ ತಪ್ಪು ಮಾಡಿಸಿದ್ನಾ ಅನ್ನಿಸಿ ನಿದ್ದೆ ಬರಲಿಲ್ಲ. ಆದ್ರೆ ಒಂದು ತಿಂಗಳು ಅಂದಿದ್ದ ಮನೆಯವರು ಬೀಗದ ಕೈ ಕೊಟ್ಟದ್ದು ಆಗಸ್ಟ್ ಕೊನೇಲಿ. ಅವತ್ತು ಜೂನ್‌ನಲ್ಲೇ ಬಿಟ್ಟಿದ್ರೆ ಇತ್ತ ಸಂಬಳವೂ ಇಲ್ಲ, ಅತ್ತ ಮನೆಯೂ ಇಲ್ಲ.

ಇದರಿಂದ ನಾನು ಕಲಿತದ್ದನ್ನ ನಿಮಗೆ ಹೇಳ್ತೀನಿ. ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಮನೆ ನಮ್ಮದಲ್ಲ. ಬೀಗದ ಕೈ ಕೈಗೆ ಬರಲಿ, ಹೋಗೋ ದಿನ ಗೊತ್ತಾಗಲಿ. ಆ ದಿನದಿಂದ ಹಿಂದಕ್ಕೆ ಎಣಿಸಿ ನೋಟಿಸ್ ಕೊಡಿ. ಕಾಗದದಲ್ಲಿ ಕೊನೇ ದಿನದ ತಾರೀಖು ಬರೀರಿ, ಒಂದು ನಕಲಿಗೆ ಅವರ ಸಹಿ, ಸೀಲು ಹಾಕಿಸ್ಕೊಳ್ಳಿ. ಸುಮ್ಮನೆ ಹೋಗೋದು ನಿಲ್ಲಿಸಬೇಡಿ. ಬಿಟ್ಟ ತಾರೀಖು ಪಿಎಫ್ ಲೆಕ್ಕಕ್ಕೆ ಹತ್ತದಿದ್ರೆ ಆಮೇಲೆ ಅಲೀಬೇಕಾಗುತ್ತೆ. ಮುಂದೆ ಬೇರೆ ಕಡೆ ಸೇರೋ ಹಾಗಿದ್ರೆ ಅದೇ ಯುಎಎನ್ ನಂಬರ್ ಕೊಟ್ಟು ಹಳೇ ಪಿಎಫ್ ವರ್ಗಾಯಿಸಿಕೊಳ್ಳಿ. ಒಟ್ಟು ಹತ್ತು ವರ್ಷ ಸೇರಿದ್ರೆ ವಯಸ್ಸಾದ ಮೇಲೆ ಪಿಂಚಣಿ ಉಂಟು. ಆ ದುಡ್ಡು ನಮ್ಮದು. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯೋಕೆ ಸರ್ಕಾರ ತಡೆ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದ್ರು, ಆ ನಿಯಮ ವಾಪಸ್ ಹೋಯ್ತು. ನೆನಪಿದೆಯಾ?

ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ಮನೇಲಿ ಕಾಯಿಲೆಯವರಿದ್ರೆ, ಮಗು ತೀರ ಎಳೇದಾದ್ರೆ, ತೌರಿನ ಆಸರೆ ಇಲ್ಲದಿದ್ರೆ ಮುಂಚೇನೇ ಬಿಡಬೇಕಾಗುತ್ತೆ. ಬಿಡೋದು ತಪ್ಪಲ್ಲ. ಲೆಕ್ಕ ನೋಡದೆ ಬಿಡೋದು ತಪ್ಪು.

ಈಗ ದೀಪಾವಳಿ ಮುಗೀತು. ಕೂಸು ರಾಜೀನಾಮೆ ಬರೆದು ಕೊಟ್ಟಾಯ್ತು, ಕೊನೇ ದಿನ ನವೆಂಬರ್ 30. ನಿನ್ನೆ ಸಹಿ ಹಾಕಿಸಿದ ನಕಲಿನ ಫೋಟೋ ಕಳಿಸಿದ್ಲು. ನಮ್ಮ ಯಜಮಾನ್ರಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ಒಂದು ಗಳಿಗೆ ಸುಮ್ಮನಿದ್ದು, "ಅವತ್ತು ನಿಂಗೂ ಒಸಿ ತಡಿ ಅನ್ನಬೇಕಾಗಿತ್ತು ಕಣಾ ನಾನು" ಅಂದ್ರು. ಇಷ್ಟು ವರ್ಷಕ್ಕೆ ಮೊದಲ ಸಲ ಅಂದದ್ದು. ನಾನೇನೂ ಹೇಳಲಿಲ್ಲ. ಮುದ್ದೆಗೆ ಎಸರಿಟ್ಟಿದ್ದೆ, ಉಕ್ಕೋಕೆ ಬಂದಿತ್ತು, ಎದ್ದು ಹೋದೆ.